ತಲೆ ಹೋದ ಸ್ಕ್ರೂ, ಮೈ ಹಿಡಿದ ಬೋಲ್ಟ್

ಬೋಲ್ಟ್ ಬಿಚ್ಚಿಕೊಳ್ಳದೆ ಹಟ ಹಿಡಿದಾಗ ಕೈ ತಾನಾಗಿ ಹುಡುಕುವುದು ಒಂದು ಉದ್ದನೆಯ ಪೈಪನ್ನು. ಸ್ಪ್ಯಾನರ್‌ನ ಹಿಡಿಗೆ ಪೈಪು ತೂರಿಸಿ, ಕಾಲು ಊರಿ, ಮೈಭಾರವನ್ನೆಲ್ಲ ಹಾಕಿ ಎಳೆಯುವುದು ಊರಿನ ಗ್ಯಾರೇಜಿನಿಂದ ಹೊಲದ ಪಂಪ್‌ಸೆಟ್‌ವರೆಗೆ ಎಲ್ಲೆಡೆ ಕಾಣುವ ನೋಟ. ಟಕ್ಕೆಂದು ಸದ್ದಾಗುತ್ತದೆ. ಬಿಚ್ಚಿತು ಎಂದುಕೊಂಡು ನೋಡಿದರೆ ಬೋಲ್ಟಿನ ತಲೆ ಸ್ಪ್ಯಾನರ್‌ನೊಳಗಿದೆ, ಮೈ ಮಾತ್ರ ತೂತಿನಲ್ಲೇ ಉಳಿದಿದೆ. ಅಲ್ಲಿಂದ ಮುಂದೆ ಹಾರ್ಡ್‌ವೇರ್ ಅಂಗಡಿಯ ದಾರಿ. ಮುರಿದ ಬೋಲ್ಟ್ ತೆಗೆಯೋಕೆ ಏನಾದರೂ ಇದೆಯಾ ಎಂದು ಕೇಳಿದರೆ ಅಂಗಡಿಯವರು ಕೊಡುವುದು ‘ಈಜಿ ಔಟ್’ ಎಂಬ, ಎಡಕ್ಕೆ ತಿರುಚಿದ ಸುರುಳಿಗೆರೆಗಳಿರುವ ಮೊನಚು ಉಪಕರಣವನ್ನು. ಐದಾರು ಅಳತೆಯವು ಒಂದೇ ಡಬ್ಬಿಯಲ್ಲಿ ಬರುತ್ತವೆ, ಬೆಲೆಯೂ ಹೆಚ್ಚಲ್ಲ. ಮುರಿದದ್ದಕ್ಕೆ ಇದೇ ಮದ್ದು ಎಂಬ ನಂಬಿಕೆ ಗಟ್ಟಿಯಾಗಿ ಬೇರೂರಿದೆ. ನಾನು ಹೇಳಹೊರಟಿರುವುದು ಅದಕ್ಕೆ ವಿರುದ್ಧವಾದದ್ದು. ಸಿಕ್ಕಿಕೊಂಡ ಬೋಲ್ಟ್ ಬಿಚ್ಚಲು ನಮ್ಮಲ್ಲಿ ಬಲದ ಕೊರತೆ ಇಲ್ಲ. ಅದು ಯಾಕೆ ಸಿಕ್ಕಿಕೊಂಡಿದೆ ಎಂದು ತಿಳಿದು, ಆ ಹಿಡಿತವನ್ನು ಸಡಿಲಿಸುವ ಉಪಕರಣವನ್ನು ಮೊದಲು ಆರಿಸಬೇಕು. ತಿರುಗಿಸುವ ಉಪಕರಣಕ್ಕೆ ಎರಡನೆಯ ಸ್ಥಾನ. ಕೊರೆದು ಕೀಳುವ ಉಪಕರಣ ಎಲ್ಲಕ್ಕಿಂತ ಕೊನೆಗೆ.

ಬಲದ ಲೆಕ್ಕವನ್ನೇ ಮೊದಲು ನೋಡೋಣ. ತಲೆಯ ಮೇಲೆ 8.8 ಎಂದು ಅಚ್ಚೊತ್ತಿರುವ ಎಂ8 ಬೋಲ್ಟ್, ಅಂದರೆ 13 ಮಿಲಿಮೀಟರ್ ಸ್ಪ್ಯಾನರ್ ಕೂರುವ ಬೋಲ್ಟ್, ಬೈಕು, ಪಂಪು, ಹಿಟ್ಟಿನ ಗಿರಣಿ ಎಲ್ಲದರಲ್ಲೂ ಇರುವಂಥದ್ದು. ಅದನ್ನು ಸರಿಯಾಗಿ ಬಿಗಿಯಲು ಬೇಕಾದ ತಿರುಚುಬಲ ಸುಮಾರು 25 ನ್ಯೂಟನ್ ಮೀಟರ್. ಅದಕ್ಕಿಂತ ಚಿಕ್ಕದಾದ ಎಂ6ಕ್ಕೆ ಸುಮಾರು 10 ಸಾಕು. ಒಂದಡಿ ಉದ್ದದ ಸ್ಪ್ಯಾನರ್‌ನ ತುದಿಯಲ್ಲಿ 20 ಕಿಲೋ ತೂಕದಷ್ಟು ಒತ್ತಿದರೆ ಹುಟ್ಟುವ ತಿರುಚುಬಲ ಸುಮಾರು 60 ನ್ಯೂಟನ್ ಮೀಟರ್. ಎಂ8 ಬೋಲ್ಟಿನ ಕತ್ತು ಮುರಿಯಲು ಅಷ್ಟು ಧಾರಾಳವಾಗಿ ಸಾಕು, ಪೈಪು ಬೇಕಾಗಿಯೇ ಇಲ್ಲ. ಸಾಧಾರಣ ಮೈಕಟ್ಟಿನ ಯಾರ ತೋಳಿಗಾದರೂ ಬೋಲ್ಟನ್ನು ಮುರಿಯುವ ಶಕ್ತಿ ಇದ್ದೇ ಇದೆ. ಹಾಗಿದ್ದ ಮೇಲೆ ಈ ಬಲ ಎಲ್ಲಿ ಖರ್ಚಾಗುತ್ತದೆ? ಬೋಲ್ಟ್ ಬಿಗಿಯುವಾಗ ಹಾಕಿದ ಬಲದ ಹತ್ತರಲ್ಲಿ ಐದು ಪಾಲು ತಲೆಯ ಅಡಿಯ ಘರ್ಷಣೆಗೆ, ನಾಲ್ಕು ಪಾಲು ಥ್ರೆಡ್‌ಗಳ ಘರ್ಷಣೆಗೆ ಹೋಗುತ್ತದೆ, ಉಳಿದ ಒಂದೇ ಪಾಲು ಎರಡು ಭಾಗಗಳನ್ನು ಒತ್ತಿ ಹಿಡಿಯುವ ಕೆಲಸಕ್ಕೆ ಸಿಗುತ್ತದೆ ಎಂಬುದು ಎಂಜಿನಿಯರ್‌ಗಳ ಸ್ಥೂಲ ಲೆಕ್ಕ. ಬಿಚ್ಚುವಾಗಲೂ ನಾವು ಎದುರಿಸುವುದು ಬಹುಪಾಲು ಘರ್ಷಣೆಯನ್ನೇ. ತುಕ್ಕು ಸೇರಿದರೆ ಥ್ರೆಡ್‌ಗಳ ಪಾಲು ಬೆಳೆಯುತ್ತಾ ಹೋಗುತ್ತದೆ. ತಲೆ ತಿರುಗಲು ಹೊರಟಿದೆ, ಕೆಳಗಿನ ಥ್ರೆಡ್ ಬಿಡಲೊಲ್ಲದು. ಇವೆರಡರ ನಡುವಿನ ತೆಳ್ಳನೆಯ ಕತ್ತು ತಿರುಚಿಕೊಂಡು ಮುರಿಯುತ್ತದೆ. ಪೈಪು ಹಾಕಿ ಎಳೆಯುವವರು ಆ ಕತ್ತಿನ ಮೇಲೇ ಭಾರ ಹೇರುತ್ತಿರುತ್ತಾರೆ, ಘರ್ಷಣೆ ಇದ್ದಲ್ಲೇ ಇರುತ್ತದೆ.

ಕಾಯಿಲೆ ಯಾವುದೆಂದು ಗುರುತಿಸಿದರೆ ಉಪಕರಣದ ಆಯ್ಕೆ ಅರ್ಧ ಮುಗಿದಂತೆ. ಸ್ಕ್ರೂ ಬೋಲ್ಟುಗಳ ಕಾಯಿಲೆ ಮುಖ್ಯವಾಗಿ ಮೂರು. ತಲೆ ಹೋಗಿರಬಹುದು, ಮೈ ಹಿಡಿದಿರಬಹುದು, ಕತ್ತು ಮುರಿದಿರಬಹುದು. ಮೂರೂ ಒಂದೇ ಬೋಲ್ಟಿನಲ್ಲಿ ಒಂದರ ಹಿಂದೊಂದು ಬರುವುದುಂಟು, ಬರುವುದು ಸಾಮಾನ್ಯವಾಗಿ ನಮ್ಮ ಆತುರದಿಂದ. ಆದರೆ ಒಂದಕ್ಕೆ ಹೇಳಿ ಮಾಡಿಸಿದ ಉಪಕರಣ ಇನ್ನೊಂದಕ್ಕೆ ಕೆಲಸಕ್ಕೆ ಬಾರದು.

ತಲೆ ಹೋಗುವುದಕ್ಕೆ ಬಹುಮಟ್ಟಿಗೆ ತಪ್ಪು ಸ್ಕ್ರೂಡ್ರೈವರೇ ಕಾರಣ. ನಾವು ‘ಸ್ಟಾರ್’ ಎಂದು ಕರೆಯುವ ನಾಲ್ಕು ಕೈಗಳ ಸ್ಕ್ರೂ ಒಂದೇ ಬಗೆಯದಲ್ಲ. ಅಮೆರಿಕದ ಪೋರ್ಟ್‌ಲ್ಯಾಂಡ್‌ನ ಹೆನ್ರಿ ಫಿಲಿಪ್ಸ್ 1936ರಲ್ಲಿ ಪೇಟೆಂಟ್ ಪಡೆದು, ಅದೇ ವರ್ಷ ಕ್ಯಾಡಿಲಾಕ್ ಕಾರುಗಳ ಜೋಡಣೆಗೆ ಬಳಕೆಯಾದ ಫಿಲಿಪ್ಸ್ ಒಂದು ಬಗೆ. ಅದರ ತಲೆಯ ಗಾಡಿಯ, ಅಂದರೆ ಡ್ರೈವರ್ ಕೂರುವ ತಗ್ಗಿನ, ಪಕ್ಕಗಳು ಇಳಿಜಾರಾಗಿರುವುದರಿಂದ ಬಲ ಹೆಚ್ಚಾದಂತೆ ಡ್ರೈವರ್ ಮೇಲಕ್ಕೆ ಎದ್ದು ಜಾರುತ್ತದೆ, ಜಾರಿದ ಪ್ರತಿ ಸಲವೂ ಅಂಚನ್ನು ಒಂದಿಷ್ಟು ಸವೆಸುತ್ತದೆ. ಬೀರು, ಮಂಚಗಳ ಹಿಂಜ್‌ಗಳಲ್ಲಿ ಬರುವ ಪೋಜಿಡ್ರಿವ್ ಎರಡನೆಯದು. ನಾಲ್ಕು ಕೈಗಳ ನಡುವೆ ನಾಲ್ಕು ಸಣ್ಣ ಗೆರೆಗಳಿದ್ದರೆ ಅದೇ. ಮೂರನೆಯದು ಜಪಾನಿನ ಜೆಐಎಸ್ ಮಾನಕದ್ದು. ನೋಡಲು ಫಿಲಿಪ್ಸ್‌ನ ಹಾಗೇ ಇರುತ್ತದೆ, ಆದರೆ ಫಿಲಿಪ್ಸ್ ಡ್ರೈವರ್‌ನ ಕೈಗಳ ಸಂದು ದುಂಡಗಿರುವುದರಿಂದ ಅದು ಈ ಗಾಡಿಯ ತಳ ಮುಟ್ಟುವ ಮೊದಲೇ ತಡೆದು ನಿಲ್ಲುತ್ತದೆ. ಅರ್ಧ ಕೂತ ಡ್ರೈವರ್ ಅಂಚನ್ನು ಕಡಿಯದೆ ಇನ್ನೇನು ಮಾಡೀತು? 1980ರ ದಶಕದಲ್ಲಿ ಹೊಂಡಾ, ಸುಜುಕಿ, ಯಮಹಾ, ಕವಾಸಾಕಿ ಕಂಪನಿಗಳ ಸಹಯೋಗದಲ್ಲಿ ನಮ್ಮ ರಸ್ತೆಗಿಳಿದ ಬೈಕುಗಳ ಕಾರ್ಬ್ಯುರೇಟರ್ ಮತ್ತು ಎಂಜಿನ್ ಕವರಿನ ಸ್ಕ್ರೂಗಳು ಈ ಜಪಾನೀ ಕುಲದವು. ತಲೆಯ ಮೇಲೊಂದು ಚುಕ್ಕಿ ಇದ್ದರೆ ಅದು ಜೆಐಎಸ್‌ನ ಗುರುತು. ಅಳತೆಯದೂ ಒಂದು ತಕರಾರಿದೆ. ಮನೆಗಳಲ್ಲಿ ಇರುವುದು ಸಾಮಾನ್ಯವಾಗಿ 2ನೇ ನಂಬರಿನ ಸ್ಟಾರ್ ಡ್ರೈವರ್. ಎಂಜಿನ್ ಕವರಿನ ಎಂ6 ಸ್ಕ್ರೂಗಳಿಗೆ ಬೇಕಾದದ್ದು 3ನೇ ನಂಬರು. ಹಳೆಯ ಎಂಜಿನ್‌ಗಳಲ್ಲಿ ತಲೆ ಸವೆದ ಸ್ಕ್ರೂಗಳನ್ನು ಕಂಡು ಕಂಪನಿಯ ಮಾಲು ಕಳಪೆ ಎನ್ನುವವರಿದ್ದಾರೆ. ಹೆಚ್ಚಿನ ಸಂದರ್ಭಗಳಲ್ಲಿ ದೋಷ ಒಂದು ನಂಬರ್ ಚಿಕ್ಕದಾದ ಡ್ರೈವರ್‌ನದು.

ಇಂಥ ಸ್ಕ್ರೂವಿಗೆ ಕೈಗೆಟುಕುವ ಬೆಲೆಯಲ್ಲಿ ಸಿಗುವ ಅತ್ಯುತ್ತಮ ಉಪಕರಣವೆಂದರೆ, ನನ್ನ ತೀರ್ಪಿನಲ್ಲಿ, ಸುತ್ತಿಗೆಯಿಂದ ಹೊಡೆಯುವ ಇಂಪ್ಯಾಕ್ಟ್ ಡ್ರೈವರ್. ಅದರ ಹಿಂಬದಿಗೆ ಹೊಡೆದ ಏಟಿನ ಒಂದು ಭಾಗವನ್ನು ಒಳಗಿನ ಇಳಿಜಾರು ತಿರುಗುವ ಚಲನೆಯಾಗಿ ಬದಲಿಸುತ್ತದೆ, ಉಳಿದ ಭಾಗ ಬಿಟ್ಟನ್ನು ಗಾಡಿಯೊಳಕ್ಕೆ ಒತ್ತುತ್ತದೆ. ಡ್ರೈವರ್ ಮೇಲೇಳುವ ಗಳಿಗೆಯಲ್ಲೇ ಅದನ್ನು ಕೆಳಗೆ ಒತ್ತಿಹಿಡಿಯುವುದು ಇದರ ಗುಟ್ಟು. ಅದೇ ಏಟು ಥ್ರೆಡ್‌ಗಳ ನಡುವಿನ ತುಕ್ಕನ್ನೂ ಅಲುಗಿಸುತ್ತದೆ. ತಲೆ ಸ್ವಲ್ಪವೇ ಸವೆದಿದ್ದರೆ ಬಿಟ್ಟಿನ ತುದಿಗೆ ವಾಲ್ವ್ ಉಜ್ಜುವ ಪೇಸ್ಟ್ ಹಚ್ಚಿದರೆ ಅದರ ಹರಳುಗಳು ಹಿಡಿತ ಕೊಡುತ್ತವೆ. ರಬ್ಬರ್ ಬ್ಯಾಂಡ್ ಇಟ್ಟು ತಿರುಗಿಸುವ ಉಪಾಯ ಸಡಿಲವಾಗಿರುವ ಸಣ್ಣ ಸ್ಕ್ರೂಗಳಿಗಷ್ಟೇ. ಬಿಗಿಯಾದ ಸ್ಕ್ರೂವಿನಲ್ಲಿ ರಬ್ಬರ್ ಹರಿದು, ಬಿಟ್ಟು ತಳ ಮುಟ್ಟುವುದನ್ನೇ ತಪ್ಪಿಸುತ್ತದೆ. ಆರು ಮೂಲೆಯ ತಲೆಗಳ ವಿಷಯದಲ್ಲೂ ನಿಯಮ ಇದೇ. ಅಡ್ಜಸ್ಟಬಲ್ ಸ್ಪ್ಯಾನರ್‌ನ ದವಡೆ ಬಲ ಬಿದ್ದೊಡನೆ ಒಂಚೂರು ತೆರೆದುಕೊಂಡು ಮೂಲೆಗಳನ್ನು ದುಂಡು ಮಾಡುತ್ತದೆ. ಹನ್ನೆರಡು ಮೂಲೆಯ ರಿಂಗ್ ಹಿಡಿಯುವುದು ಮೂಲೆಗಳ ಹತ್ತಿರ, ಆರು ಮೂಲೆಯ ಸಾಕೆಟ್ ಹಿಡಿಯುವುದು ಮುಖಗಳನ್ನು. ಹಟ ಮಾಡುವ ಬೋಲ್ಟಿಗೆ ಆರು ಮೂಲೆಯದೇ ಸರಿ. ಅರ್ಧ ಇಂಚಿನ ಸ್ಪ್ಯಾನರ್ ಎಂದರೆ 12.7 ಮಿಲಿಮೀಟರ್, 13ರ ತಲೆಗೆ ಅದು ಕೂರುವುದೇ ಇಲ್ಲ, 12ರ ತಲೆಗೆ ಸಡಿಲವಾಗುತ್ತದೆ. ಬ್ರಿಟಿಷರ ಕಾಲದ ಮಾದರಿಯ ಲೇತು, ಎಂಜಿನ್‌ಗಳಲ್ಲಿ ಜೋಸೆಫ್ ವಿಟ್‌ವರ್ತ್ 1841ರಲ್ಲಿ ಮುಂದಿಟ್ಟ 55 ಡಿಗ್ರಿಯ ಥ್ರೆಡ್ ಇರುತ್ತದೆ, ಮೆಟ್ರಿಕ್‌ನದು 60 ಡಿಗ್ರಿ. ಆ ಯಂತ್ರಗಳಿಗೆ ವಿಟ್‌ವರ್ತ್ ಸ್ಪ್ಯಾನರನ್ನೇ ಹುಡುಕಿ ತರಬೇಕು. ಹತ್ತಿರದ ಅಳತೆಯ ಮೆಟ್ರಿಕ್ ಸ್ಪ್ಯಾನರ್ ಮೂಲೆಗಳನ್ನು ತಿಂದುಹಾಕುತ್ತದೆ.

ಎರಡನೆಯ ಕಾಯಿಲೆ ಮೈ ಹಿಡಿಯುವುದು. ಇದರಲ್ಲೂ ಹಿಡಿದಿರುವುದು ಯಾವುದು ಎಂದು ಕೇಳಬೇಕು. ಸಾದಾ ಕಬ್ಬಿಣದ ಬೋಲ್ಟಿನಲ್ಲಿ ತುಕ್ಕು. ಕಬ್ಬಿಣ ತುಕ್ಕಾಗುವಾಗ ಅದರ ಗಾತ್ರ ಎರಡರಿಂದ ಆರು ಪಟ್ಟಿನವರೆಗೆ ಹೆಚ್ಚುತ್ತದೆ. ಥ್ರೆಡ್‌ಗಳ ನಡುವಿನ ಕೂದಲೆಳೆಯಷ್ಟು ಜಾಗದಲ್ಲಿ ಹೀಗೆ ಉಬ್ಬಿದ ತುಕ್ಕು ಬೆಣೆಯ ಹಾಗೆ ಕೂರುತ್ತದೆ. ಅದಕ್ಕೆ ಬೇಕಾದದ್ದು ಒಳಕ್ಕೆ ಇಳಿಯುವ ತೆಳು ಎಣ್ಣೆ, ಮತ್ತು ಅದು ಇಳಿಯಲು ದಾರಿ, ಮತ್ತು ಸಮಯ. ದೀಪದ ಬತ್ತಿ ಎಣ್ಣೆ ಹೀರಿಕೊಳ್ಳುವ ಬಗೆಯಲ್ಲೇ ಕಿರಿದಾದ ಸಂದು ಎಣ್ಣೆಯನ್ನು ಎಳೆದುಕೊಳ್ಳುತ್ತದೆ, ಆದರೆ ನಿಧಾನವಾಗಿ. ಸಿಂಪಡಿಸಿ ಐದು ನಿಮಿಷಕ್ಕೆ ಸ್ಪ್ಯಾನರ್ ಹಾಕಿದರೆ ಎಣ್ಣೆ ಇನ್ನೂ ತಲೆಯ ಸುತ್ತಲೇ ಇರುತ್ತದೆ. ಎಲ್ಲರ ಬಾಯಲ್ಲಿರುವ ಡಬ್ಲ್ಯುಡಿ-40 ಹುಟ್ಟಿದ್ದು 1953ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ. ನೀರನ್ನು ಹೊರದೂಡಲು ನಡೆದ ನಲವತ್ತನೆಯ ಪ್ರಯತ್ನ ಎಂಬುದೇ ಆ ಹೆಸರಿನ ಅರ್ಥ. ತೇವ ತಡೆಯುವುದು ಅದರ ಮೂಲ ಕಸುಬು, ತುಕ್ಕಿನೊಳಕ್ಕೆ ನುಗ್ಗಲೆಂದೇ ಮಾಡಿದ ದ್ರವವನ್ನು ಅದೇ ಕಂಪನಿ ಬೇರೆ ಡಬ್ಬಿಯಲ್ಲಿ ಮಾರುತ್ತದೆ. ನಮ್ಮ ಗ್ಯಾರೇಜುಗಳ ಸೀಮೆಎಣ್ಣೆ, ಡೀಸೆಲ್ ಕೂಡ ಕೆಲಸ ಮಾಡುತ್ತವೆ, ಆದರೆ ಇಡೀ ರಾತ್ರಿ ನೆನೆಯಬೇಕು. ನೆನೆಸಿದ ಮೇಲೆ ಬೋಲ್ಟಿನ ತಲೆಯ ಮೇಲೆ ಸುತ್ತಿಗೆಯಿಂದ ನೇರವಾಗಿ ನಾಲ್ಕು ಹದವಾದ ಏಟು ಕೊಡಿ. ಒಣ ತುಕ್ಕು ಗಟ್ಟಿ ಆದರೂ ಪೆಡಸು, ಏಟಿಗೆ ಬಿರುಕು ಬಿಡುತ್ತದೆ, ಎಣ್ಣೆಗೆ ದಾರಿಯಾಗುತ್ತದೆ. ಆಮೇಲೆ ಮೊದಲು ಬಿಗಿಯುವ ದಿಕ್ಕಿಗೆ ತುಸು, ನಂತರ ಬಿಚ್ಚುವ ದಿಕ್ಕಿಗೆ ತುಸು, ಹೀಗೆ ಹಿಂದೆ ಮುಂದೆ ಆಡಿಸಿದರೆ ಪುಡಿಯಾದ ತುಕ್ಕು ಥ್ರೆಡ್‌ನಿಂದ ಈಚೆ ಬರುತ್ತದೆ. ಒಂದೇ ದಿಕ್ಕಿಗೆ ಎಳೆದರೆ ಆ ಪುಡಿಯೇ ಮತ್ತೆ ಬೆಣೆಯಾಗುತ್ತದೆ.

ಇವೆಲ್ಲಕ್ಕಿಂತ ಬಲವಾದ ಅಸ್ತ್ರ ಶಾಖ. ಉಕ್ಕು ಒಂದು ಡಿಗ್ರಿ ಶಾಖಕ್ಕೆ ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು 12 ಪಾಲು ಹಿಗ್ಗಿದರೆ ಅಲ್ಯೂಮಿನಿಯಂ ಹಿಗ್ಗುವುದು 23 ಪಾಲು. ಅಲ್ಯೂಮಿನಿಯಂ ಎಂಜಿನ್ ಕೇಸಿನಲ್ಲಿ ಕೂತ ಎಂ8 ಉಕ್ಕಿನ ಬೋಲ್ಟನ್ನು, ಸುತ್ತಲಿನ ಲೋಹದ ಸಮೇತ, 150 ಡಿಗ್ರಿಯಷ್ಟು ಹೆಚ್ಚು ಬಿಸಿ ಮಾಡಿದರೆ ತೂತು ಬೋಲ್ಟಿಗಿಂತ ಸುಮಾರು 0.013 ಮಿಲಿಮೀಟರ್ ಹೆಚ್ಚು ಅಗಲವಾಗುತ್ತದೆ. ತಲೆಗೂದಲಿನ ದಪ್ಪದ ಐದನೆಯ ಒಂದು ಭಾಗ. ಅಷ್ಟೇನಾ ಅನ್ನಿಸಬಹುದು, ಆದರೆ ಹಿಡಿತ ನಿಂತಿರುವುದೂ ಅಷ್ಟೇ ತೆಳುವಾದ ಪದರದ ಮೇಲೆ. ಉಕ್ಕಿನೊಳಗೆ ಉಕ್ಕಿನ ಬೋಲ್ಟ್ ಇದ್ದರೆ ಎರಡೂ ಒಂದೇ ಸಮ ಹಿಗ್ಗುತ್ತವೆ, ಅಂಥಲ್ಲಿ ಹೊರಗಿನ ನಟ್ಟನ್ನು ಮಾತ್ರ ಬೇಗ ಕಾಯಿಸಬೇಕು. ಇಲ್ಲವೇ ಬೋಲ್ಟನ್ನೇ ಕಾಯಿಸಿ ಆರಲು ಬಿಡಬೇಕು. ಹಿಗ್ಗುವಾಗ ಅದು ತುಕ್ಕನ್ನು ಜಜ್ಜುತ್ತದೆ, ಕುಗ್ಗುವಾಗ ಸಂದು ಬಿಡುತ್ತದೆ. ಬಿಸಿ ಇರುವಾಗಲೇ ಮೇಣದಬತ್ತಿಯನ್ನು ಬುಡಕ್ಕೆ ತಾಗಿಸಿದರೆ ಕರಗಿದ ಮೇಣ ಥ್ರೆಡ್‌ನೊಳಕ್ಕೆ ಹರಿಯುತ್ತದೆ. ಅಪಾಯವೂ ಉಂಟು, ಅದನ್ನು ಮುಚ್ಚಿಡಬಾರದು. ಪೆಟ್ರೋಲ್ ಟ್ಯಾಂಕ್, ಬ್ರೇಕ್ ಹೋಸ್, ಬೇರಿಂಗ್, ಆಯಿಲ್ ಸೀಲ್ ಹತ್ತಿರ ಜ್ವಾಲೆ ತರಬಾರದು. ಸತುವಿನ ಲೇಪ ಇರುವ ಜಿಐ ಬೋಲ್ಟ್ ಕಾದಾಗ ಏಳುವ ಬಿಳಿ ಹೊಗೆ ಕುಡಿದರೆ ಜ್ವರ ಬರುತ್ತದೆ. ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ಬಳಿದ ಭಾಗವನ್ನು ಕಾಯಿಸಿದರೆ ವಿಷಾನಿಲ ಹುಟ್ಟುತ್ತದೆ. ಸಣ್ಣ ಬೋಲ್ಟುಗಳಿಗೆ ಜ್ವಾಲೆಯ ಬದಲು ದೊಡ್ಡ ಸೋಲ್ಡರಿಂಗ್ ಐರನ್ ಅಥವಾ ಹೀಟ್ ಗನ್ ಸಾಕಾಗುವುದುಂಟು.

ತುಕ್ಕಲ್ಲದ ಹಿಡಿತಗಳೂ ಇವೆ, ಅಲ್ಲಿ ಎಣ್ಣೆ ಸುರಿಯುವುದು ವ್ಯರ್ಥ. ಕಾರವಾರ, ಮಲ್ಪೆ, ಮಂಗಳೂರಿನ ಉಪ್ಪುಗಾಳಿಯಲ್ಲಿ ಅಲ್ಯೂಮಿನಿಯಂ ಭಾಗಕ್ಕೆ ಹಾಕಿದ ಉಕ್ಕಿನ ಬೋಲ್ಟ್ ಬೇಗ ಹಿಡಿಯುತ್ತದೆ. ಎರಡು ಬೇರೆ ಲೋಹಗಳ ನಡುವೆ ಉಪ್ಪುನೀರು ಸೇರಿ ಪುಟ್ಟ ಬ್ಯಾಟರಿಯೇ ಆಗುತ್ತದೆ, ಕರಗುವುದು ಅಲ್ಯೂಮಿನಿಯಂ, ಸಂದಿಯಲ್ಲಿ ತುಂಬಿಕೊಳ್ಳುವುದು ಅದರ ಬಿಳಿ ಪುಡಿ. ಅಲ್ಲಿ ಶಾಖವೇ ಮುಖ್ಯ. ಸ್ಟೇನ್‌ಲೆಸ್ ಸ್ಟೀಲ್ ನಟ್ಟು ಬೋಲ್ಟುಗಳ ಕಾಯಿಲೆ ಇನ್ನೊಂದು ತರಹದ್ದು. ಮನೆಯ ಮಾಳಿಗೆಯ ಸೋಲಾರ್ ಹೀಟರ್ ಸ್ಟ್ಯಾಂಡು, ನೀರಿನ ಟ್ಯಾಂಕುಗಳಲ್ಲಿ ಇವನ್ನು ತುಕ್ಕು ಹಿಡಿಯದು ಎಂದೇ ಹಾಕುತ್ತಾರೆ. ಆದರೆ ಬಿಗಿಯುವಾಗ ಮೇಲಿನ ರಕ್ಷಣಾ ಪದರ ಉಜ್ಜಿಹೋಗಿ, ಲೋಹಕ್ಕೆ ಲೋಹವೇ ಬೆಸೆದುಕೊಳ್ಳುತ್ತದೆ. ಪವರ್ ಟೂಲ್‌ನಿಂದ ವೇಗವಾಗಿ ತಿರುಗಿಸಿದರೆ ಇದು ಬೇಗ. ಹೀಗೆ ಬೆಸೆದದ್ದನ್ನು ಬಿಚ್ಚುವ ಆಸೆ ಬಿಟ್ಟು ನಟ್ ಸ್ಪ್ಲಿಟರ್‌ನಿಂದ ನಟ್ಟನ್ನು ಸೀಳುವುದೋ ಗ್ರೈಂಡರ್‌ನಿಂದ ಕತ್ತರಿಸುವುದೋ ಮೇಲು. ಮೂರನೆಯದು ಥ್ರೆಡ್‌ಗೆ ಹಚ್ಚಿದ ಅಂಟು. ಲಾಕ್‌ಟೈಟ್‌ನ ನೀಲಿ ಬಗೆ ಕೈ ಉಪಕರಣಕ್ಕೆ ಬಿಡುತ್ತದೆ. ಕೆಂಪು ಬಗೆ ಸುಮಾರು 250 ಡಿಗ್ರಿ ಶಾಖ ಕಾಣದೆ ಬಿಡುವುದಿಲ್ಲ. ಕೆಂಪಂಟಿನ ಬೋಲ್ಟಿಗೆ ವಾರಗಟ್ಟಲೆ ಎಣ್ಣೆ ಕುಡಿಸಿದರೂ ಏನೂ ಆಗದು.

ಹಿಡಿದೇ ಇಲ್ಲದ, ತಪ್ಪು ದಿಕ್ಕಿಗೆ ತಿರುಗಿಸುತ್ತಿರುವ ಬೋಲ್ಟುಗಳನ್ನೂ ಇಲ್ಲೇ ನೆನೆಯಬೇಕು. ಸೈಕಲ್ಲಿನ ಎಡ ಪೆಡಲು, ಟೇಬಲ್ ಫ್ಯಾನಿನ ರೆಕ್ಕೆಯ ಮುಂದಿನ ಕ್ಯಾಪು, ಬೆಂಚ್ ಗ್ರೈಂಡರಿನ ಎಡ ಚಕ್ರದ ನಟ್ಟು, ಯಮಹಾ ಬೈಕಿನ ಬಲಗಡೆ ಕನ್ನಡಿ, ಇವೆಲ್ಲ ಎಡ ಥ್ರೆಡ್ಡಿನವು. ಇವನ್ನು ಬಿಚ್ಚುವುದು ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ.

ಇಷ್ಟೆಲ್ಲ ಕೇಳಿದ ಮೆಕ್ಯಾನಿಕ್ ಒಬ್ಬರು ನ್ಯಾಯವಾಗಿ ಕೇಳಬಹುದಾದ ಪ್ರಶ್ನೆ ಒಂದಿದೆ: ಗಾಡಿ ಸಂಜೆಗೆ ಬೇಕು ಅನ್ನುತ್ತಾರೆ, ರಾತ್ರಿಯೆಲ್ಲ ಎಣ್ಣೆ ನೆನೆಸಲು ಸಮಯ ಎಲ್ಲಿದೆ? ಉತ್ತರವೂ ಸಮಯದ ಲೆಕ್ಕದಲ್ಲೇ ಇದೆ. ಕಾಯಿಸಿ ಬಿಚ್ಚಲು ಹಿಡಿಯುವುದು ಹತ್ತು ಹದಿನೈದು ನಿಮಿಷ. ಮುರಿದ ಬೋಲ್ಟನ್ನು ಕೊರೆದು ತೆಗೆದು, ಥ್ರೆಡ್ ಮತ್ತೆ ಹೊಡೆಯಲು ಅರ್ಧ ದಿನ ಹೋದರೂ ಆಶ್ಚರ್ಯವಿಲ್ಲ, ಅದೂ ತೂತು ಕೆಡದಿದ್ದರೆ. ಅವಸರ ಇರುವವರು ಬಿಡಬೇಕಾದದ್ದು ಪೈಪನ್ನು, ಹಿಡಿಯಬೇಕಾದದ್ದು ಶಾಖವನ್ನು. ರಾತ್ರಿ ನೆನೆಸುವ ಮಾತು ಸ್ವಂತ ಪಂಪು, ಟಿಲ್ಲರ್ ರಿಪೇರಿ ಮಾಡಿಕೊಳ್ಳುವ ರೈತರಿಗೆ ಹೆಚ್ಚು ಹೊಂದುತ್ತದೆ. ಅವರ ಬಳಿ ಗ್ಯಾಸ್ ಟಾರ್ಚ್ ಇರುವುದಿಲ್ಲ, ಒಂದು ರಾತ್ರಿ ಕಾಯುವ ಅವಕಾಶ ಮಾತ್ರ ಹಲವು ಸಲ ಇರುತ್ತದೆ.

ಈಗ ಮುರಿದ ಕತ್ತಿಗೆ ಬರೋಣ, ಈಜಿ ಔಟ್‌ಗೆ. ಅದನ್ನು ಬಳಸುವ ಕ್ರಮ ಗೊತ್ತಿರುವುದೇ: ಮುರಿದ ಬೋಲ್ಟಿನ ನಡುವೆ ತೂತು ಕೊರೆದು, ಅದರೊಳಗೆ ಈ ಮೊನಚು ಸುರುಳಿಯನ್ನು ಎಡಕ್ಕೆ ತಿರುಗಿಸುತ್ತಾ ಹೋದರೆ ಅದು ಕಚ್ಚಿಕೊಂಡು ಬೋಲ್ಟನ್ನೂ ತಿರುಗಿಸಬೇಕು. ತೊಂದರೆ ಬಲದ ಲೆಕ್ಕದ್ದು. ಒಂದು ಸರಳು ತಾಳಬಲ್ಲ ತಿರುಚುಬಲ ಅದರ ವ್ಯಾಸದ ಘನದ ಪ್ರಮಾಣದಲ್ಲಿರುತ್ತದೆ. ವ್ಯಾಸ ಅರ್ಧವಾದರೆ ತಾಳುವ ಬಲ ಎಂಟನೆಯ ಒಂದು ಭಾಗ. ಎಂ8 ಬೋಲ್ಟಿನ ಥ್ರೆಡ್ ಬಿಟ್ಟು ಒಳತಿರುಳಿನ ವ್ಯಾಸ ಸುಮಾರು 6.5 ಮಿಲಿಮೀಟರ್. ಅದರೊಳಗೆ 4 ಮಿಲಿಮೀಟರ್ ತೂತು ಕೊರೆದು ಹಾಕಿದ ಈಜಿ ಔಟ್, ಬೋಲ್ಟಿನಷ್ಟೇ ಗಟ್ಟಿಯ ಉಕ್ಕಿನದಾಗಿದ್ದರೆ, ಬೋಲ್ಟ್ ತಾಳಿದ ಬಲದ ಕಾಲುಭಾಗವನ್ನೂ ತಾಳಲಾರದು. ಅದರ ಉಕ್ಕು ಎರಡು ಪಟ್ಟು ಗಟ್ಟಿ ಎಂದುಕೊಳ್ಳೋಣ, ಆಗಲೂ ಅರ್ಧ. ಇಡೀ ಬೋಲ್ಟ್ ಯಾವ ಹಿಡಿತಕ್ಕೆ ಸೋತು ಮುರಿಯಿತೋ ಅದೇ ಹಿಡಿತವನ್ನು ಅದರ ಅರ್ಧ ಬಲದ ಕಡ್ಡಿಯಿಂದ ಬಿಡಿಸಲು ಹೊರಟಂತೆ. ಸಾಲದ್ದಕ್ಕೆ ಮೊನಚು ಸುರುಳಿ ಒಳಕ್ಕೆ ಇಳಿದಷ್ಟೂ ಕೊರೆದ ಬೋಲ್ಟಿನ ತೆಳ್ಳನೆಯ ಗೋಡೆಯನ್ನು ಹೊರಕ್ಕೆ ದೂಡಿ ಥ್ರೆಡ್‌ಗೆ ಇನ್ನಷ್ಟು ಒತ್ತುತ್ತದೆ. ಈಜಿ ಔಟ್‌ನ ಉಕ್ಕು ಗಟ್ಟಿಯಾದ್ದರಿಂದಲೇ ಪೆಡಸು. ಅದು ಬಾಗುವುದಿಲ್ಲ, ಮುರಿಯುತ್ತದೆ. ಮುರಿದು ಒಳಗುಳಿದ ಆ ತುಂಡನ್ನು ಮಾಮೂಲಿ ಎಚ್‌ಎಸ್‌ಎಸ್ ಡ್ರಿಲ್ ಬಿಟ್ಟು ಕೊರೆಯಲಾರದು. ಮುರಿದ ಬೋಲ್ಟ್ ಒಂದು ಸಮಸ್ಯೆಯಾಗಿತ್ತು, ಈಗ ಎರಡಾಯಿತು, ಎರಡನೆಯದು ಮೊದಲನೆಯದಕ್ಕಿಂತ ಹಟಮಾರಿ.

ಆದರೆ ಈಜಿ ಔಟ್‌ನಿಂದ ಸಲೀಸಾಗಿ ತೆಗೆದವರು ಬೇಕಾದಷ್ಟು ಮಂದಿ ಇದ್ದಾರಲ್ಲ? ಇದ್ದಾರೆ, ಅವರ ಮಾತು ಸುಳ್ಳಲ್ಲ. ಬೋಲ್ಟ್ ಯಾಕೆ ಮುರಿಯಿತು ಎಂಬುದರಲ್ಲಿದೆ ವ್ಯತ್ಯಾಸ. ಅತಿಯಾಗಿ ಬಿಗಿದದ್ದರಿಂದ, ಕಂಪನಕ್ಕೆ ದಣಿದು, ಅಥವಾ ಅಡ್ಡ ಏಟಿಗೆ ತಲೆ ಹಾರಿದ ಬೋಲ್ಟಿನ ಕೆಳಭಾಗ ಹಿಡಿದುಕೊಂಡಿರುವುದಿಲ್ಲ. ತಲೆ ಹೋದಾಗಲೇ ಅದರ ಎಳೆತವೂ ತಲೆಯಡಿಯ ಘರ್ಷಣೆಯೂ ಹೋಗಿರುತ್ತವೆ. ಅಂಥದ್ದನ್ನು ಈಜಿ ಔಟ್ ಖಂಡಿತ ತೆಗೆಯುತ್ತದೆ. ಅದಕ್ಕಿಂತ ಚೆಂದದ ಉಪಕರಣ ಎಡಸುತ್ತಿನ ಡ್ರಿಲ್ ಬಿಟ್ಟು. ಡ್ರಿಲ್ ಯಂತ್ರವನ್ನು ಹಿಮ್ಮುಖವಾಗಿ ಓಡಿಸಿ ಕೊರೆಯುತ್ತಿರುವಾಗಲೇ ಸಡಿಲ ತುಂಡು ಬಿಟ್ಟಿನ ಜೊತೆ ತಿರುಗಿ ಮೇಲೆ ಬರುವುದುಂಟು. ಹೆಡ್ ಹಾಳಾದ ಸ್ಕ್ರೂ ತೆಗೆಯುವ ಬಿಟ್ ಎಂದು ಮಾರುವ, ಜಾಹೀರಾತುಗಳಲ್ಲಿ ಮರದ ಸ್ಕ್ರೂಗಳನ್ನು ಸರಾಗವಾಗಿ ಕೀಳುವ ಬಿಟ್ಟುಗಳ ಯಶಸ್ಸಿಗೂ ಇದೇ ಕಾರಣ. ಆ ಸ್ಕ್ರೂಗಳ ತಲೆ ಮಾತ್ರ ಹೋಗಿದೆ, ಮೈ ಹಿಡಿದಿಲ್ಲ. ಬಿಚ್ಚುವಾಗ ತಿರುಚಿ ಮುರಿದ, ತುಕ್ಕು ಹಿಡಿದ ಬೋಲ್ಟಿಗೆ ಅದೇ ಉಪಕರಣ ಹಾಕುವುದು ಬೇರೆ ಕಾಯಿಲೆಯ ಔಷಧ ಕೊಟ್ಟಂತೆ.

ಹಾಗಾದರೆ ಅಂಥ ಬೋಲ್ಟಿಗೆ ಏನು? ಮೇಲೆ ಚೂರು ಚಾಚಿಕೊಂಡಿದ್ದರೆ ಮೊದಲು ಕಾಯಿಸಿ ವೈಸ್ ಗ್ರಿಪ್‌ನಿಂದ ಹಿಡಿಯಬಹುದು. ಮಟ್ಟಸವಾಗಿ ಮುರಿದಿದ್ದರೆ ಅದರ ಮೇಲೊಂದು ನಟ್ಟು ಇಟ್ಟು, ನಟ್ಟಿನ ತೂತಿನೊಳಗಿಂದ ವೆಲ್ಡ್ ಮಾಡುವುದು ನಾನು ಎಲ್ಲಕ್ಕಿಂತ ಮೇಲೆ ಇಡುವ ಉಪಾಯ. ತಿರುಗಿಸಲು ಹೊಸ ತಲೆ ಸಿಕ್ಕಿತು. ಅದಕ್ಕಿಂತ ಮುಖ್ಯವಾಗಿ ಬೋಲ್ಟಿನ ನಡುಮೈಗೇ ಕೆಂಪಗೆ ಶಾಖ ಸಿಕ್ಕಿತು, ತುಕ್ಕು ಬಿರಿಯಿತು. ಹಿಡಿತ ಸಡಿಲಿಸುವುದು, ತಿರುಗಿಸುವುದು ಎರಡೂ ಒಂದೇ ಕೆಲಸದಲ್ಲಿ ಆಗುತ್ತವೆ. ಸುತ್ತಲಿನದು ಅಲ್ಯೂಮಿನಿಯಂ ಆದರೆ ಉಕ್ಕಿನ ವೆಲ್ಡ್ ಅದಕ್ಕೆ ಅಂಟುವುದಿಲ್ಲ ಎಂಬುದು ಇನ್ನೊಂದು ಅನುಕೂಲ. ವೆಲ್ಡಿಂಗ್ ಯಂತ್ರ ಎಲ್ಲರ ಮನೆಯಲ್ಲಿ ಇರುವುದಿಲ್ಲ ನಿಜ. ಆದರೆ ಗೇಟು, ಟ್ರೇಲರ್ ಕಟ್ಟುವ ವೆಲ್ಡಿಂಗ್ ಶಾಪ್ ನಮ್ಮ ಹೋಬಳಿ ಮಟ್ಟದ ಊರುಗಳಲ್ಲೂ ಸಿಗುತ್ತದೆ. ವಾಹನವಾದರೆ ಬ್ಯಾಟರಿಯ ಸಂಪರ್ಕ ಮೊದಲು ತೆಗೆಸಬೇಕು. ಅದೂ ಆಗದಿದ್ದರೆ ಪೂರ್ತಿ ಕೊರೆಯುವುದು. ಮುರಿದ ಮುಖವನ್ನು ಅರದಿಂದ ಮಟ್ಟ ಮಾಡಿ, ನಟ್ಟನಡುವೆ ಸೆಂಟರ್ ಪಂಚ್ ಹೊಡೆದು, ಚಿಕ್ಕ ಬಿಟ್ಟಿನಿಂದ ಶುರು ಮಾಡಿ, ನಿಧಾನ ವೇಗದಲ್ಲಿ ಎಣ್ಣೆ ಹಾಕುತ್ತಾ ಕೊರೆಯಬೇಕು. ನಡು ತಪ್ಪಿದರೆ ಬಿಟ್ಟು ಮೆದು ಅಲ್ಯೂಮಿನಿಯಂ ಕಡೆಗೆ ಸರಿದುಹೋಗುತ್ತದೆ. ಎಂ8ಕ್ಕೆ 6.8, ಎಂ6ಕ್ಕೆ 5, ಎಂ10ಕ್ಕೆ 8.5 ಮಿಲಿಮೀಟರ್‌ವರೆಗೆ ಕೊರೆದರೆ ಹಳೆಯ ಬೋಲ್ಟಿನ ಥ್ರೆಡ್ ಮಾತ್ರ ತೆಳ್ಳನೆಯ ಸುರುಳಿಯಾಗಿ ಉಳಿಯುತ್ತದೆ. ಅದನ್ನು ಚೂಪು ಸೂಜಿಯಿಂದ ಕಿತ್ತು, ಟ್ಯಾಪ್ ಹಾಕಿದರೆ ಮೂಲ ಥ್ರೆಡ್ ಮರಳುತ್ತದೆ. ತೂತು ಕೆಟ್ಟರೆ ಹೆಲಿಕಾಯಿಲ್ ಎಂಬ ತಂತಿಸುರುಳಿಯ ಹೊಸ ಥ್ರೆಡ್ ಕೂರಿಸಬಹುದು; ಮೆದು ಅಲ್ಯೂಮಿನಿಯಂನಲ್ಲಿ ಅದು ಮೊದಲಿನದಕ್ಕಿಂತ ಗಟ್ಟಿ.

ಈಜಿ ಔಟೋ ಟ್ಯಾಪೋ ಒಳಗೇ ಮುರಿದಿದ್ದರೆ ಪೀಣ್ಯದಂಥ ಕೈಗಾರಿಕಾ ಪ್ರದೇಶದ ಟೂಲ್‌ರೂಮುಗಳಲ್ಲಿ ಸ್ಪಾರ್ಕ್ ಎರೋಷನ್ ಯಂತ್ರವಿರುತ್ತದೆ. ವಿದ್ಯುತ್ ಕಿಡಿಗಳಿಂದ ಲೋಹವನ್ನು ಕಣಕಣವಾಗಿ ತಿನ್ನುವ ಈ ವಿದ್ಯೆಗೆ ಎಷ್ಟು ಗಟ್ಟಿ ಉಕ್ಕಾದರೂ ಒಂದೇ. 1940ರ ದಶಕದಲ್ಲಿ ಅಮೆರಿಕದ ಸ್ಟಾರ್ಕ್, ಹಾರ್ಡಿಂಗ್, ಬೀವರ್ ಎಂಬ ಮೂವರು ಇಂಥ ಯಂತ್ರ ಕಟ್ಟಿದ್ದೇ ಅಲ್ಯೂಮಿನಿಯಂ ಎರಕದ ಭಾಗಗಳಲ್ಲಿ ಮುರಿದುಳಿದ ಡ್ರಿಲ್ಲು, ಟ್ಯಾಪುಗಳನ್ನು ತೆಗೆಯುವುದಕ್ಕೆ. ಇದರ ಇನ್ನೊಂದು ತುದಿಯಲ್ಲಿ ಕೈಗಡಿಯಾರ ರಿಪೇರಿಯವರ ಹಳೆಯ ಉಪಾಯವಿದೆ, ಹಿಡಿತ ಬಿಡಿಸಲು ಬಲವೇ ಬೇಡ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಬೆಂಗಳೂರಿನಲ್ಲಿ 1961ರಿಂದ ಸಿಟಿಜನ್ ಸಹಯೋಗದಲ್ಲಿ ತಯಾರಾದ ಎಚ್‌ಎಂಟಿ ಕೈಗಡಿಯಾರಗಳಂತೆ ಒಳಫಲಕ ಹಿತ್ತಾಳೆಯದಾಗಿದ್ದು, ಉಕ್ಕಿನ ಪುಟ್ಟ ಸ್ಕ್ರೂ ಅದರಲ್ಲಿ ಮುರಿದುಳಿದರೆ, ಫಲಕದಿಂದ ಬೇರೆ ಉಕ್ಕಿನ ಭಾಗಗಳನ್ನೆಲ್ಲ ಬಿಚ್ಚಿ, ಅದನ್ನು ಬಿಸಿ ಪಟಿಕದ ನೀರಿನಲ್ಲಿ ಇಡುತ್ತಾರೆ. ಕ್ಷೌರವಾದ ಮೇಲೆ ಗಲ್ಲಕ್ಕೆ ಉಜ್ಜುವ ಅದೇ ಪಟಿಕ. ಉಕ್ಕು ನಿಧಾನವಾಗಿ ಕರಗಿಹೋಗುತ್ತದೆ, ಹಿತ್ತಾಳೆ ಹಾಗೇ ಉಳಿಯುತ್ತದೆ.

ಮರದ ಸ್ಕ್ರೂಗಳ ಬಗ್ಗೆ ಒಂದೆರಡೇ ಮಾತು. ಹಳೆಯ ಬಾಗಿಲುಗಳ ಸ್ಕ್ರೂ ಬಿಚ್ಚದಿರುವುದಕ್ಕೆ ಕಾರಣ ಹಲವು ಸಲ ಗಾಡಿಯಲ್ಲಿ ತುಂಬಿದ ಪೇಂಟು; ಅದನ್ನು ಚೂಪು ಮೊನೆಯಿಂದ ಕೆರೆದು ತೆಗೆಯಿರಿ, ಗಾಡಿಯ ಪೂರ್ತಿ ಅಗಲ ತುಂಬುವ ಡ್ರೈವರ್ ಹಾಕಿ. ತಲೆಗೆ ಸೋಲ್ಡರಿಂಗ್ ಐರನ್ ಒತ್ತಿಹಿಡಿದರೆ ಸುತ್ತಲಿನ ಮರ ಒಣಗಿ ಕುಗ್ಗಿ ಬಿಡುತ್ತದೆ. ಹಿತ್ತಾಳೆ ಸ್ಕ್ರೂ ಮೆದು, ಬೇಗ ತುಂಡಾಗುತ್ತದೆ. ಮತ್ತೆ ಹಾಕುವಾಗ ಅದೇ ಅಳತೆಯ ಉಕ್ಕಿನ ಸ್ಕ್ರೂವಿನಿಂದ ದಾರಿ ಮಾಡಿ ಆಮೇಲೆ ಹಿತ್ತಾಳೆಯದನ್ನು ಹಾಕಬೇಕು.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೋ ನಿಮ್ಮ ಊರಿನ ಹಾರ್ಡ್‌ವೇರ್ ಅಂಗಡಿಯಲ್ಲೋ ಹಣ ಕೊಡುವ ಮುನ್ನ ಈ ಕ್ರಮ ನೆನಪಿಡಿ. ಮೊದಲು 2 ಮತ್ತು 3ನೇ ನಂಬರಿನ ಒಳ್ಳೆಯ ಉಕ್ಕಿನ ಡ್ರೈವರ್‌ಗಳು, ಹಳೆಯ ಜಪಾನೀ ಬೈಕ್ ಇದ್ದರೆ ಜೆಐಎಸ್ ತುದಿಯವೇ. ಆಮೇಲೆ ಆರು ಮೂಲೆಯ ಸಾಕೆಟ್‌ಗಳು, ಸುತ್ತಿಗೆ ಏಟಿನ ಇಂಪ್ಯಾಕ್ಟ್ ಡ್ರೈವರ್, ತುಕ್ಕಿನೊಳಕ್ಕೆ ಇಳಿಯುವ ಎಣ್ಣೆಯ ಒಂದು ಡಬ್ಬಿ, ಸಾಧ್ಯವಾದರೆ ಒಂದು ಹೀಟ್ ಗನ್. ಈಜಿ ಔಟ್ ಡಬ್ಬಿಯನ್ನು ಕೊಳ್ಳಲೇಬೇಕಿದ್ದರೆ ಎಲ್ಲ ಆದ ಮೇಲೆ ಕೊಳ್ಳಿ. ಇವೆಲ್ಲಕ್ಕಿಂತ ಅಗ್ಗದ್ದು ಒಂದು ಟ್ಯೂಬು ತಾಮ್ರದ ಗ್ರೀಸು, ಅದೂ ಇಲ್ಲದಿದ್ದರೆ ಮಾಮೂಲಿ ಗ್ರೀಸು. ಹಚ್ಚಿದ ಥ್ರೆಡ್ ಕಡಿಮೆ ಬಲಕ್ಕೇ ಹೆಚ್ಚು ಬಿಗಿಯಾಗುತ್ತದೆ, ಹಾಗಾಗಿ ಬಿಗಿಯುವಾಗ ಕೈ ತುಸು ಹಗುರವಿರಲಿ. ಮುಂಗಾರು ಶುರುವಾಗುವ ಮುಂಚಿನ ಒಂದು ಭಾನುವಾರ ಪಂಪಿನ ಫ್ಲೇಂಜ್, ಸೈಕಲ್ಲಿನ ಪೆಡಲು, ಗೇಟಿನ ಹಿಂಜ್, ಸೋಲಾರ್ ಸ್ಟ್ಯಾಂಡಿನ ಬೋಲ್ಟುಗಳನ್ನು ಒಂದೊಂದಾಗಿ ಬಿಚ್ಚಿ, ಗ್ರೀಸು ಹಚ್ಚಿ, ಮತ್ತೆ ಹಾಕಿಡಿ.